ಹುಟ್ಟುಮಚ್ಚೆ, ಊಜಿಮಚ್ಚೆ

ಲಿಂಗಸುಗೂರಿನಲ್ಲಿ ರೇಷ್ಮೆ ಪ್ರದರ್ಶಕನಾಗಿ ಸೇರಿ ನನಗಾಗ ಎರಡನೇ ವರ್ಷ. ಊರೂರಿಗೆ ಹೋಗಿ ಹುಳು ಸಾಕುವುದನ್ನು ಹೇಳಿಕೊಡುವ ಹುದ್ದೆ. ಗೌರವ ತರುವಷ್ಟು ಮೀಸೆ ಇರಲಿಲ್ಲ; ಹಾಗಾಗಿ ಅಣಕು ಮಾಡಿಯೇ ಪಾಠ ಮಾಡುತ್ತಿದ್ದೆ. ಮಸ್ಕಿಯ ತರಬೇತಿಯಲ್ಲಿ ನಾನೇ ರೇಷ್ಮೆಹುಳುವಿನ ವೈರಿಯಾದ ಊಜಿ ನೊಣವಾದೆ. ಗುಂಯ್‌ಗುಡುತ್ತ ನಮ್ಮ ಇಲಾಖೆಯ ಸಾಹೇಬರ ಬೋಳುತಲೆಯ ಮೇಲೆ ಇಳಿದು ಮೊಟ್ಟೆಯಿಟ್ಟೆ. "ಇದರ ಮರಿ ಹುಳದಾಗ ಹೊಕ್ತಂದ್ರ ಮೈಮ್ಯಾಲೆ ಕರಿ ಮಚ್ಚಿ! ಮಚ್ಚಿ ಕಂಡ್ರ ಹುಳ ಹೋತು ಅಂತ ತಿಳೀರಿ!"

ಸಾಹೇಬರೂ ನಕ್ಕರು. ಸಂತೆಕಲ್ಲೂರಿನ ನೀಲಮ್ಮ ನಗಲಿಲ್ಲ. ಆಕೆಯದು ಮೊದಲ ಬೆಳೆ. ಅದು ಕೆಟ್ಟರೆ ಹಿಪ್ಪುನೇರಳೆ ಕಿತ್ತು ತೊಗರಿ ಹಾಕುವುದೆಂದು ಅತ್ತೆ ಶಂಕ್ರಮ್ಮ ಸಾರಿಬಿಟ್ಟಿದ್ದರು.

ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಪೊರೆ ಬಿಟ್ಟು, ಎದ್ದ ಮೇಲೆ ನೀಲಮ್ಮನ ಫೋನ್. "ಸರ, ಅರ್ಧಕ್ಕರ್ಧ ಹುಳಕ್ಕ ಮಚ್ಚಿ ಬಿದ್ದಾವ್ರಿ. ಎಲ್ಲಾ ಹೂಳಾಕ ಅತ್ತಿ ಗುಂಡಿ ತೋಡಸಾಕತ್ತಾಳ. ಲಗೂನ ಬರ್ರಿ!"

ನಾನು ಸಿಂಧನೂರಿನಲ್ಲಿದ್ದೆ. ಸಂತೆಕಲ್ಲೂರು ಮುಟ್ಟುವವರೆಗೂ ಬೈಕು ನಿಲ್ಲಿಸಲಿಲ್ಲ. ನೀಲಮ್ಮನ ಗಂಡ ಆಗಲೇ ಸೊಂಟದಾಳದ ಗುಂಡಿಯಲ್ಲಿದ್ದ.

ತಟ್ಟೆಯ ಮೇಲೆ ಬಾಗಿ ನೋಡಿದೆ. ಬೆನ್ನ ಮೇಲೆ ಜೋಡಿ ಜೋಡಿ ಮಚ್ಚೆ, ಮಚ್ಚೆಯಿದ್ದ ಎಲ್ಲ ಹುಳುವಿಗೂ ಅದೇ ಜಾಗದಲ್ಲಿ. ನೊಣಕ್ಕೆ ಇಷ್ಟು ಶಿಸ್ತಿಲ್ಲ! ಈ ಮಿಶ್ರತಳಿಯಲ್ಲಿ ಕೆಲವು ಹುಳು ಮಚ್ಚೆಯವು, ಕೆಲವು ಬೋಳು; ತಾಯಿತಂದೆಯಿಂದ ಬಂದ ವಂಶವಾಹಿಗಳ, ಅಂದರೆ ಜೀನ್‌ಗಳ, ಆಟ.

ಶಂಕ್ರಮ್ಮ ಒಪ್ಪಲಿಲ್ಲ. "ಮಚ್ಚಿ ಕಂಡ್ರ ಹುಳ ಹೋತು ಅಂತ ನೀನ ಹೇಳಿದ್ಯಂತಲ್ಲೋ, ನೊಣ ಆಗಿ ಕುಣಕೋತ!"

"ಯವ್ವಾ, ನಿಮ್ಮ ಗದ್ದದ ಮ್ಯಾಲಿನ ಮಚ್ಚಿ ಯಾವ ನೊಣ ಕಡದದ್ದು?"

ಗುಂಡಿಯಲ್ಲಿದ್ದ ಮಗ ಕಿಸಕ್ಕೆಂದ. ಅವನ ಗದ್ದದ ಮೇಲೂ ಅಂಥದ್ದೇ ಮಚ್ಚೆ.

"ಇದು ಹುಟ್ಟಿನಿಂದ ಬಂದದ್ದಲೇ!"

"ಇವಕ್ಕೂ ಹಂಗರೀ."

ಪರದೆ ಹರಿದಿದ್ದ ಕಿಟಕಿಯ ಬಳಿ ಮಾತ್ರ ಬೊಗಸೆಯಷ್ಟು ಹುಳುಗಳಿಗೆ ಒಂಟಿ, ಸೊಟ್ಟ ಕಲೆ. ಅದು ನಿಜವಾದ ಊಜಿ. ಆದರೆ ಕಲೆಯ ಕಪ್ಪು ಬಣ್ಣ ನೊಣದ್ದಲ್ಲ. ಅದು ಒಳಹೊಕ್ಕ ಮರಿಯ ಸುತ್ತ ಹುಳುವಿನ ಮೈಯೇ ಕಟ್ಟುವ ಗೋಡೆ. ಕಟ್ಟಿಸುವುದೂ ಜೀನ್‌ಗಳೇ. ಕೆಲವು ತಳಿ ಗಟ್ಟಿಯಾಗಿ ಕಟ್ಟುತ್ತವೆ, ಕೆಲವು ನನ್ನಂತೆ ಸಡಿಲ. ಊಜಿಯಿಂದ ಪೂರ್ತಿ ತಪ್ಪಿಸಿಕೊಳ್ಳುವ ತಳಿಯನ್ನು ನಾನಿನ್ನೂ ಕಂಡಿಲ್ಲ. ಆ ಹುಳುಗಳನ್ನು ಆರಿಸಿ ಸೋಪಿನ ನೀರಿಗೆ ಹಾಕಿ, ಪರದೆ ಹೊಲಿದೆವು.

ಹುಳುಗಳು ಚಂದ್ರಿಕೆಯೆಂಬ ಬಿದಿರ ತಟ್ಟಿಯ ತುಂಬ ಗೂಡು ಕಟ್ಟಿದ ಮೇಲೆ ನೀಲಮ್ಮ ಒಂದನ್ನು ಕಿವಿಯ ಬಳಿ ಅಲ್ಲಾಡಿಸಿದಳು. ಒಳಗೆ ಕೋಶವಾಗಿದ್ದ ಹುಳು ಲೊಟಕ್ ಎಂದಿತು; ಊಜಿ ತಿಂದಿರಲಿಲ್ಲ. ಆಗ ನಕ್ಕಳು.

ಶಂಕ್ರಮ್ಮ ಅಂಗಳದತ್ತ ಕೈ ಮಾಡಿದರು. "ಗುಂಡಿ ಹಂಗ ಐತಿ. ಮತ್ತ ನೊಣ ಆಗಿ ಬಂದಿ ಅಂದ್ರ ನಿನ್ನ ಇಳಸ್ತೀನಿ."

ಈಗಲೂ ನೊಣವಾಗುತ್ತೇನೆ. ಆದರೆ ಮೊದಲು ಮಚ್ಚೆಯಿರುವ ಆರೋಗ್ಯವಂತ ಹುಳುವಾಗಿ ಒಂದು ಸುತ್ತು ತೆವಳುತ್ತೇನೆ. ರೋಗ ಗುರುತಿಸಲು ಕಲಿಸುವವನು ಮೊದಲು ಆರೋಗ್ಯ ಗುರುತಿಸಲು ಕಲಿಸಬೇಕು. ಇದನ್ನು ನನಗೆ ಕಲಿಸಿದ್ದು ಆ ಸೊಂಟದಾಳದ ಗುಂಡಿ.