ಹದಿನಾಲ್ಕನೆಯ ಬಾವಲಿ

ದೆವ್ವ ಕಂಡೆ, ಸತ್ತವರು ಕೂಗಿದರು ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಹಿಂದೂಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವನು ನಾನು. ಕಣ್ಣಿಗೆ ಕಂಡದ್ದು, ಅಳತೆಗೆ ಸಿಕ್ಕಿದ್ದು ಇಷ್ಟನ್ನೇ ನಂಬಬೇಕು ಎಂದು ಹುಡುಗರ ತಲೆ ತಿನ್ನುತ್ತಿದ್ದೆ. ಈಗ ಆ ಪಾಠ ಬಂದಾಗ ದನಿ ತಾನಾಗಿಯೇ ತಗ್ಗುತ್ತದೆ. ಇಲ್ಲಿ ಬರೆಯುತ್ತಿರುವುದರಲ್ಲಿ ವಿಚಿತ್ರ ಎಷ್ಟಿದೆಯೋ ನನ್ನ ಕಳ್ಳತನವೂ ಅಷ್ಟೇ ಇದೆ. ಅದಕ್ಕೇ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಕಲ್ಯಾಣದುರ್ಗದ ನಾಗವೇಣಿ ನನ್ನ ಹಳೆಯ ವಿದ್ಯಾರ್ಥಿನಿ. ಕುರಿ ಕಾಯುವವರ ಮನೆಯ ಹುಡುಗಿ. ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಬಾವಲಿಗಳ ಮೈಯಲ್ಲಿರುವ, ಇನ್ನೂ ಯಾರೂ ಗುರುತಿಸದ ಡಿಎನ್‌ಎ ವೈರಸ್‌ಗಳನ್ನು ಹುಡುಕಿ, ಯಾವುದು ಯಾವ ಕುಟುಂಬಕ್ಕೆ ಸೇರಿದ್ದು ಎಂದು ವಿಂಗಡಿಸುವುದು ಅವಳ ಪಿಎಚ್‌.ಡಿ. ಕೆಲಸ. ಮೂರು ವರ್ಷ ಅಲೆದರೂ ಹೊಸದೊಂದೂ ಸಿಕ್ಕಿರಲಿಲ್ಲ. ಇನ್ನೊಂದು ವರ್ಷವೂ ಹೀಗೇ ಹೋದರೆ ಅವಳ ಓದು ಅಲ್ಲಿಗೇ ನಿಂತಂತೆ. ಕಡೆಯ ಪ್ರಯತ್ನವೆಂದು ಕಂಬದೂರಿನ ಹತ್ತಿರದ ಒಂದು ಹಳ್ಳಿಗೆ ಹೊರಟಾಗ ನನ್ನನ್ನೂ ಜೊತೆಗೆ ಕರೆದಳು. ಹಿಂದಿನ ದಿನ ಕಲ್ಯಾಣದುರ್ಗದ ಅವಳ ಮನೆಯಲ್ಲೇ ಉಂಡು ಮಲಗಿದೆ.

ಆ ಹಳ್ಳಿಯಲ್ಲಿ ನರಸಮ್ಮ ಎಂಬ ಅಜ್ಜಿಯ ಹೊಲದಲ್ಲಿ ದೊಡ್ಡ ಹುಣಸೆಮರ, ಮರದ ತುಂಬ ಬಾವಲಿ. ಅವುಗಳ ಮೇಲೆ ಯಾರೂ ಒಂದು ಕಲ್ಲು ಎಸೆಯದಂತೆ ಅವಳು ಕಾಯುತ್ತಿದ್ದಳು. ನಮಗೆ ಒಂದೇ ಷರತ್ತು ಹಾಕಿದಳು.

“ಹಿಡ್ಕಳ್ರಪ್ಪ, ಬ್ಯಾಡ ಅನ್ನಲ್ಲ. ಆದ್ರೆ ಒಂದೂ ಸಾಯಂಗಿಲ್ಲ ಕಣಪ್ಪ. ಎಲ್ಲಾನೂ ವಾಪಸ್ ಬಿಟ್‌ಬುಡ್ಬೇಕು.”

ನಾನೇ ಮುಂದೆ ಬಿದ್ದು ಮಾತು ಕೊಟ್ಟೆ.

ಬಾವಲಿಗಳು ಮೇವು ಮುಗಿಸಿ ಮರಕ್ಕೆ ಮರಳುವ ಬೆಳಗಿನ ಜಾವಕ್ಕೆ ಬಲೆ ಕಟ್ಟಿದೆವು. ನಾಗವೇಣಿ ಅವನ್ನು ಬಲೆಯಿಂದ ಬಿಡಿಸಿ, ಒಂದೊಂದನ್ನೂ ಬಟ್ಟೆಚೀಲಕ್ಕೆ ಹಾಕಿ, ನಂಬರು ಕಟ್ಟಿ ತಂದುಕೊಡುತ್ತಿದ್ದಳು. ಬಾಯೊಳಗೆ ಹತ್ತಿಕಡ್ಡಿ ಆಡಿಸಿ ಜೊಲ್ಲು ತೆಗೆದು, ಅದೇ ನಂಬರಿನ ಟ್ಯೂಬಿಗೆ ಹಾಕಿ, ಗಂಡೋ ಹೆಣ್ಣೋ ಬರೆದುಕೊಂಡು ಹಾರಿಬಿಡುವುದು ನನ್ನ ಪಾಲು. ಹದಿಮೂರು, ಹದಿನಾಲ್ಕನೆಯ ಚೀಲಗಳು ಕೈಗೆ ಬಂದಾಗ ಮನೆಯಿಂದ ಫೋನು ಬಂತು. ಎರಡನ್ನೂ ಬೇವಿನ ಕೊಂಬೆಗೆ ನೇತುಹಾಕಿ ರಸ್ತೆಗೆ ಹೋದೆ. ಏನೋ ಜಗಳ, ಮಾತು ಬೆಳೆಯಿತು. ವಾಪಸು ಬರುವಷ್ಟರಲ್ಲಿ ಬಿಸಿಲು ಏರಿ ಹದಿನಾಲ್ಕನೆಯ ಚೀಲದ ಮೇಲೆ ನೇರ ಬಿದ್ದಿತ್ತು. ಹೊರಗಿನಿಂದಲೇ ಒತ್ತಿ ನೋಡಿದೆ. ಸತ್ತುಹೋಗಿತ್ತು.

ಬಿಚ್ಚಿ ಸಹ ನೋಡದೆ ಚೀಲದ ಸಮೇತ ಒಯ್ದು ಪಾಳುಬಾವಿಗೆ ಎಸೆದುಬಿಟ್ಟೆ. ಆಮೇಲೆ ನೋಡಿದರೆ ಹದಿನಾಲ್ಕರ ಟ್ಯೂಬು ಖಾಲಿ. ನಮ್ಮದು ಸೀರೆ ನೇಯುವವರ ಮನೆ. ಮಗ್ಗದಲ್ಲಿ ಎಳೆ ತುಂಡಾದರೆ ಬೇರೊಂದು ಎಳೆ ಸೇರಿಸಿ ಸಂದು ಕಾಣದಂತೆ ಮುಂದುವರಿಯುವುದು ಚಿಕ್ಕಂದಿನಿಂದ ಕೈಗೆ ಹತ್ತಿದ್ದು. ಆ ಕೈ ಇಲ್ಲೂ ಅದನ್ನೇ ಮಾಡಿತು. ಹದಿಮೂರನೆಯ ಬಾವಲಿಯ ಬಾಯಿಯಿಂದಲೇ ಎರಡು ಸಲ ಜೊಲ್ಲು ತೆಗೆದು ಎರಡೂ ಟ್ಯೂಬು ತುಂಬಿಸಿದೆ. ಅದು ಗಂಡು. ಹದಿನಾಲ್ಕರ ಮುಂದೆಯೂ ‘ಗಂಡು, ಹಾರಿಬಿಡಲಾಯಿತು’ ಎಂದು ಬರೆದೆ.

“ಎಲ್ಲಾ ಬಿಟ್ರಾ ಸಾರ್?” ಎಂದು ಕೇಳಿದಳು ನಾಗವೇಣಿ.

“ಬಿಟ್ಟೆ ಕಣಮ್ಮ” ಎಂದೆ.

ನಾಲ್ಕೈದು ತಿಂಗಳಾದ ಮೇಲೆ ಹಿಂದೂಪುರದ ಮನೆಗೆ ಅವಳ ಫೋನು ಬಂತು. ಸಂತೋಷಕ್ಕೆ ಅಳುತ್ತಿದ್ದಳು.

“ಸಾರ್, ಸಿಕ್‌ಬುಡ್ತು. ಹರ್ಪಿಸ್ ಕುಟುಂಬದ್ದೇ, ಆದ್ರೆ ಇದುವರ್ಗೂ ಗೊತ್ತಿರೋ ಯಾವುದಕ್ಕೂ ಹೊಂದಲ್ಲ. ಹದಿನಾಲ್ಕರಾಗೆ ಮಾತ್ರ ಐತೆ, ಬೇರೆ ಒಂದರಾಗೂ ಇಲ್ಲ.”

ಒಂದೇ ಬಾಯಿಯ ಜೊಲ್ಲು, ಒಂದು ಸಲ ಸಿಕ್ಕಿದೆ, ಇನ್ನೊಂದು ಸಲ ತಪ್ಪಿದೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳೇ ಮುಂದುವರಿಸಿದಳು.

“ನೀವೊಂದು ತಪ್ಪು ಮಾಡಿದ್ದೀರ ಸಾರ್. ಗಂಡು ಅಂತ ಬರ್ದಿದ್ದೀರ. ಆ ಟ್ಯೂಬಿನಾಗಿರೋ ಬಾವಲಿ ಜೀವಕೋಶ ಹೆಣ್ಣಿಂದು ಅಂತ ಲ್ಯಾಬಿನಾಗೆ ಬಂತು. ಬಲೆಯಿಂದ ಬಿಡಿಸ್ದೋಳು ನಾನೇ ಅಲ್ವಾ, ನೆನಪೈತೆ, ಹೆಣ್ಣೇ ಅದು. ತಿದ್ದಿಬಿಟ್ಟೆ.”

ಆ ಚೀಲದ ಬಾಯನ್ನೇ ನಾನು ಬಿಚ್ಚಿರಲಿಲ್ಲ. ಒಂದೊಂದು ಬಾವಲಿಗೂ ಕೈಗವಸು ಬದಲಿಸಿದ್ದೆ, ಟ್ಯೂಬು ಹೊಸದು. ಬೇರೆ ಟ್ಯೂಬಿನಿಂದ ಬೆರೆಯಿತು ಎನ್ನೋಣವೆಂದರೆ ಬೇರೆ ಯಾವುದರಲ್ಲೂ ಆ ವೈರಸ್ಸೇ ಇಲ್ಲ. ಮತ್ತೊಮ್ಮೆ ಪರೀಕ್ಷೆ ಮಾಡಿಸು ಎಂದೆ. ಮಾಡಿಸಿದಳು, ಅದೇ ಬಂತು. ಬಾವಿಯಲ್ಲಿ ಬಿದ್ದಿದ್ದ ಪ್ರಾಣಿಯ ಜೊಲ್ಲು ನನ್ನ ಟ್ಯೂಬಿಗೆ ಹೇಗೆ ಬಂತು? ಇವತ್ತಿಗೂ ನನಗೆ ಗೊತ್ತಿಲ್ಲ.

ನಿಜ ಹೇಳಿದರೆ ಹದಿನಾಲ್ಕನ್ನು ಹೊಡೆದುಹಾಕುತ್ತಾರೆ, ಅವಳ ಪಿಎಚ್‌.ಡಿ. ಅಲ್ಲಿಗೆ ಮುಗಿಯುತ್ತದೆ. ಅವಳಿಗೋಸ್ಕರ ಸುಮ್ಮನಿದ್ದೆ ಎಂದು ಬರೆದುಕೊಳ್ಳಬಹುದು. ಅದು ಸುಳ್ಳು. ನನ್ನ ಮರ್ಯಾದೆಗೋಸ್ಕರ ಸುಮ್ಮನಿದ್ದೆ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಡಿಗ್ರಿ ಬಂದ ವಾರ ಅವಳು ಮೈಸೂರುಪಾಕು ಕಟ್ಟಿಸಿಕೊಂಡು ನನ್ನನ್ನು ನರಸಮ್ಮನ ಹೊಲಕ್ಕೆ ಕರೆದೊಯ್ದಳು. ನಿಮ್ಮ ಮರದ ಒಂದು ಬಾವಲಿಯಿಂದ ನನ್ನ ಬದುಕು ನೆಟ್ಟಗಾಯಿತು ಎಂದು ಅಜ್ಜಿಯ ಕಾಲು ಮುಟ್ಟಿದಳು.

“ಯಾವ್ದಮ್ಮ ಅದು? ಎಲ್ಲಿ, ತೋರ್ಸು” ಎಂದಳು ಅಜ್ಜಿ.

“ಸಾರ್‌ಗೇ ಗೊತ್ತು ಕಣಜ್ಜಿ. ಅವ್ರೇ ಕೈಯಾರ ಹಾರಿಬಿಟ್ಟಿದ್ದು.”

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಕೈ ಎತ್ತಿ, ತುದಿಕೊಂಬೆಯಲ್ಲಿ ತೂಗುತ್ತಿದ್ದ ಯಾವುದೋ ಒಂದನ್ನು ತೋರಿಸಿದೆ. ಅಜ್ಜಿ ಅದಕ್ಕೆ ಕೈಮುಗಿದಳು. ಆಮೇಲೆ ನನ್ನ ಕಡೆ ನೋಡಿ, “ಸಾಯ್ದಂಗೆ ನೋಡ್ಕಂಡ್ಯಲ್ಲಪ್ಪ, ನಿನ್ನ ಹೊಟ್ಟೆ ತಣ್ಣಗಿರ್ಲಿ” ಎಂದಳು.