ಕೋವಿ ಬದಲಾಯಿಸುತ್ತಿದ್ದ ದೇಚಮ್ಮ ಆಂಟಿ

ದೇಚಮ್ಮ ಆಂಟಿ ಯಾವ ವಸ್ತುವನ್ನೇ ಕೈಗೆತ್ತಿಕೊಂಡರೂ ಮೊದಲು ಅದನ್ನು ತೋರುಬೆರಳಿನ ಮೇಲೆ ಅಡ್ಡಲಾಗಿಟ್ಟು ತೂಗಿ ನೋಡುತ್ತಿದ್ದರು. ಸೌಟು, ಕೊಡೆ, ಲಟ್ಟಣಿಗೆ, ಕೊನೆಗೆ ನನ್ನ ಮಗಳ ಪಿಟೀಲಿನ ಕಮಾನನ್ನೂ ಬಿಡಲಿಲ್ಲ. ಅದು ಎತ್ತ ವಾಲುತ್ತದೆ ಎಂದು ನೋಡಿ ತೀರ್ಪು ಕೊಡುತ್ತಿದ್ದರು. ನಮ್ಮ ಮನೆಯ ಯುಗಾದಿ ಊಟಕ್ಕೆ ಬಂದವರು ನನ್ನ ಹೊಸ ಸೌಟನ್ನು ಹೀಗೆ ತೂಗಿ, "ಇದು ಮೂತಿ ಭಾರ. ಬಡಿಸೋವಾಗ ಕೈ ನೋಯತ್ತೆ, ರಿಟರ್ನ್ ಮಾಡು" ಎಂದರು. ಸಾರು ಹೇಗಿದೆ ಎಂದು ಮಾತ್ರ ಹೇಳಲಿಲ್ಲ.

ಕೊಡಗಿನವರು. ಮೈಸೂರಿನಲ್ಲಿ ಮೆಡಿಕಲ್ ಓದಿ, ಎಪ್ಪತ್ತರ ದಶಕದಲ್ಲಿ ಗಂಡನ ಜೊತೆ ಅಮೆರಿಕಕ್ಕೆ ಬಂದು, ಷಾರ್ಲಟ್‌ನ ಒಂದು ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್ ಆಗಿ ನಿವೃತ್ತರಾದವರು. ರೋಗಿಯ ಮೈಯಿಂದ ತೆಗೆದ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವ ಕೆಲಸ. ಗಂಡ ತೀರಿಕೊಂಡ ಮೇಲೆ ನಾವಿರುವ ಬ್ಯಾಲಂಟೈನ್ ಬಡಾವಣೆಯಿಂದ ಅರ್ಧ ಗಂಟೆ ದೂರದ ಐದು ಎಕರೆ ಜಾಗದಲ್ಲಿ ಒಬ್ಬರೇ ಇದ್ದರು. ಮಗ ನಾಚಪ್ಪ ದೂರದ ಇನ್ನೊಂದು ರಾಜ್ಯದ ರಾಕ್‌ವಿಲ್‌ನಲ್ಲಿ. ಪ್ರತಿ ಭಾನುವಾರ ಫೋನ್ ಮಾಡಿ, ಇಲ್ಲಿಗೆ ಬಂದುಬಿಡು ಎನ್ನುತ್ತಿದ್ದ. ಆಂಟಿ ಅವನಿಗೆ ಒಂದೇ ಮಾತು ಕೊಟ್ಟಿದ್ದರು: "ನನ್ನ ತೋಟ ನಾನು ಕಾಯಕ್ಕೆ ಆಗದೇ ಇರೋ ದಿನ ಬರ್ತೀನಿ. ಅಲ್ಲೀವರೆಗೂ ನನ್ನ ತಲೆ ತಿನ್ನಬೇಡ."

ತೋಟ ಕಾಯುವುದು ಎಂದರೆ ಗ್ರೌಂಡ್‌ಹಾಗ್ ಎಂಬ ಪ್ರಾಣಿಯಿಂದ. ಬೆಕ್ಕಿಗಿಂತ ದಪ್ಪ, ಗಿಡ್ಡ ಕಾಲು, ಕಂದು ಮೈ. ಬಿಲದಿಂದ ಎದ್ದು ಬಂದರೆ ಒಂದು ಬೆಳಗಿನಲ್ಲಿ ಅವರೆ ಸಾಲನ್ನೇ ಬೋಳಿಸಿಬಿಡುತ್ತದೆ. ಆಂಟಿ ಅದನ್ನು ಪಾಯಿಂಟ್ ಟೂಟೂ ಎಂಬ ಸಣ್ಣ ಗುಂಡಿನ ರೈಫಲ್ಲಿನಿಂದ ಹೊಡೆಯುತ್ತಿದ್ದರು. ಅವರ ಬಾಯಲ್ಲಿ ಅದು ಯಾವತ್ತೂ ಕೋವಿಯೇ. ಚಿಕ್ಕಂದಿನಲ್ಲಿ ಕೊಡವರ ಆಯುಧಪೂಜೆಯಾದ ಕೈಲ್ ಮುಹೂರ್ತದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಅಣ್ಣಂದಿರಿಗಿಂತ ಮೊದಲು ಒಡೆದವರು ಎಂದು ಅವರೇ ಹೇಳಿದ್ದರು. ಅನುಮಾನಿಸುವ ಧೈರ್ಯ ನನಗಿರಲಿಲ್ಲ.

ನಮ್ಮ ಪರಿಚಯ ಗಟ್ಟಿಯಾದದ್ದು ನನ್ನ ದಡ್ಡತನದಿಂದ. ಕೋವಿಡ್ ಬೇಸಿಗೆಯಲ್ಲಿ ಎಲ್ಲರ ಹಾಗೆ ನಾನೂ ಟೊಮೇಟೊ ಹಾಕಿದ್ದೆ. ಅಳಿಲುಗಳು ಒಂದನ್ನೂ ಉಳಿಸಲಿಲ್ಲ. ನಾನು ಇರುವೆಗೆ ಪುಡಿ ಹಾಕುವಾಗಲೂ ಕ್ಷಮೆ ಕೇಳುವ ಹೆಂಗಸು. ಆದರೂ ಸಿಟ್ಟಿನಲ್ಲಿ ಆಂಟಿಗೆ ಫೋನ್ ಮಾಡಿ, ಯಾವ ರೈಫಲ್ ತೊಗೊಳ್ಳಲಿ ಎಂದು ಕೇಳಿದೆ. ಮರುದಿನವೇ ಬಂದು ನಮ್ಮ ಹಿತ್ತಲಲ್ಲಿ ನಿಂತು ಸುತ್ತ ನೋಡಿದರು.

"ಸ್ಮಿತಾ, ಆ ಬಿಳೀ ಕಿಟಕಿ ಯಾರದು?"

"ಪಕ್ಕದ ಮನೆಯವರ ಕಿಚನ್ ಆಂಟಿ."

"ಈ ಕಡೆ ಸ್ವಿಂಗ್ ಸೆಟ್ಟು, ಆ ಕಡೆ ಕಿಚನ್ನು. ಗುಂಡು ಅಳಿಲಿಗೆ ತಾಗಿ ನಿಲ್ಲತ್ತೆ ಅಂದ್ಕೊಂಡ್ಯಾ? ನಿಂಗೆ ಬೇಕಾಗಿರೋದು ಕೋಳಿ ಗೂಡಿಗೆ ಹಾಕೋ ತಂತಿ ಬಲೆ ಮಾರಾಯ್ತಿ, ಕೋವಿ ಅಲ್ಲ. ಹಿಂದೆ ಏನಿದೆ ನೋಡದೆ ಕೋವಿ ಎತ್ತೋರು ನಮ್ಮ ಕಡೆ ಊಟಕ್ಕೂ ಕರೆಯಲ್ಲ."

ಬಲೆ ಹಾಕಿದೆ, ಟೊಮೇಟೊ ಉಳಿಯಿತು. ಆದರೆ ನನ್ನ ಮುಖದ ಮೇಲಿನ ನಿರಾಸೆ ಅವರಿಗೆ ಕಂಡಿರಬೇಕು. "ಆಸೆ ಇದ್ರೆ ಶೂಟಿಂಗ್ ರೇಂಜಿಗೆ ಬಾ, ಕಲಿಸ್ತೀನಿ. ಡ್ರೈವ್ ಮಾತ್ರ ನೀನು ಮಾಡು. ಸಂಜೆ ಬಿಸಿಲು ಕಣ್ಣಿಗೆ ಹೊಡೆಯತ್ತೆ" ಎಂದರು. ಹಾಗೆ ಶನಿವಾರದ ನಮ್ಮ ಸವಾರಿ ಶುರುವಾಯಿತು. ಬಿಸಿಲಿನ ಮಾತನ್ನು ನಾನು ನಂಬಿದ್ದೆ.

ರೇಂಜಿನಲ್ಲಿ ಅವರು ಬೇರೆಯೇ ಹೆಂಗಸು. ಮನೆಯಲ್ಲಿ ಬಾಯಿ ನಿಲ್ಲುತ್ತಿರಲಿಲ್ಲ, ಅಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ದೂರದಲ್ಲಿ ತೂಗುಹಾಕಿದ ಉಕ್ಕಿನ ತಟ್ಟೆಗೆ ಗುಂಡು ತಾಗಿದರೆ ಟಣ್ ಎನ್ನುತ್ತಿತ್ತು. ಅವರದು ಸಾಮಾನ್ಯವಾಗಿ ಟಣ್ ಎನ್ನುತ್ತಿತ್ತು, ನನ್ನದು ಅಪರೂಪಕ್ಕೆ. "ಸಣ್ಣ ಗುಂಡಿನ ಕೋವೀಲೇ ಕಲೀಬೇಕು. ಅದು ಭುಜಕ್ಕೆ ಒದೆಯಲ್ಲ, ಹಾಗಾಗಿ ತಪ್ಪು ಯಾರದು ಅಂತ ಕ್ಲಿಯರ್ ಆಗಿ ಗೊತ್ತಾಗತ್ತೆ" ಎನ್ನುತ್ತಿದ್ದರು. ಹೀಗೆ ಹೇಳಿದವರೇ ಆಮೇಲೆ ಕೋವಿಯ ಮೇಲೆ ತಪ್ಪು ಹೊರಿಸಲು ಹೊರಟರು.

ಮುಂದಿನ ವರ್ಷ ಅವರೆ ಬಿಡುವ ಹೊತ್ತಿಗೆ ಒಂದು ಬೆಳಿಗ್ಗೆ ಫೋನ್ ಬಂತು. "ಬೇಗ ಬಾ. ಸಾಯ್ತಿಲ್ಲ ಕಣೇ" ಎಂದಷ್ಟೇ ಹೇಳಿದರು. ಹೋಗಿ ನೋಡಿದರೆ ಮನೆಯ ಹಿಂದಿನ ಡೆಕ್ಕಿನ ಹಲಗೆಗಳ ಮೇಲೆ ಮಕಾಡೆ ಮಲಗಿ, ಸಂದಿಯೊಳಗೆ ಟಾರ್ಚ್ ಬಿಟ್ಟುಕೊಂಡಿದ್ದರು. ಹೊಡೆದ ಗುಂಡು ಗ್ರೌಂಡ್‌ಹಾಗಿನ ತಲೆಗೆ ಬೀಳದೆ ಹಿಂಗಾಲಿನ ಹತ್ತಿರ ಬಿದ್ದಿತ್ತು. ಅದು ತೆವಳಿಕೊಂಡು ಡೆಕ್ಕಿನ ಅಡಿಗೆ ಸೇರಿ ಹಲ್ಲು ಕಟಕಟಿಸುತ್ತಿತ್ತು. ಕೋವಿ ತೂರಿಸಲು ಜಾಗವಿಲ್ಲ, ಹಲಗೆ ಕೀಳಲು ನಮ್ಮಿಬ್ಬರಿಗೆ ಬಲವಿಲ್ಲ. ಮಧ್ಯಾಹ್ನದ ತನಕ ಆ ಸದ್ದು ಕೇಳುತ್ತ ಕೂತೆವು. ಒಳಗೆ ಬನ್ನಿ ಎಂದರೆ ಬರಲಿಲ್ಲ. "ಮಾಡಿದೋಳು ಕೇಳಿಸ್ಕೋಬೇಕು" ಎಂದರು. ಸದ್ದು ನಿಂತ ಮೇಲೆ ಎದ್ದು ಕೈ ತೊಳೆದುಕೊಂಡು ಕೋವಿಯನ್ನು ಬೆರಳ ಮೇಲೆ ತೂಗಿದರು. "ಟ್ರಿಗರ್ ಬಿಗಿಯಾಗಿದೆ. ಇದು ಮುದಿಯಾಯ್ತು. ಬೇರೆ ನೋಡಬೇಕು."

ಅಲ್ಲಿಂದ ಶುರುವಾಯಿತು ಅಂಗಡಿ ಅಲೆದಾಟ. ಅಂಗಡಿಯ ರಾಯ್ ಎದೆಯುದ್ದ ಗಡ್ಡದ ಮನುಷ್ಯ, ಆಂಟಿಯನ್ನು 'ಡಾಕ್' ಎಂದು ಕರೆಯುತ್ತಿದ್ದ. ಅವನ ಗಾಜಿನ ಕಟ್ಟೆಯ ಮೇಲೆ ರೈಫಲ್ಲುಗಳನ್ನು ಸಾಲಾಗಿ ಮಲಗಿಸಿಕೊಂಡು ಆಂಟಿ ವಧು ಪರೀಕ್ಷೆ ನಡೆಸುತ್ತಿದ್ದರು. ಇದು ಉದ್ದ, ಅದು ಮೂತಿ ಭಾರ, ಇನ್ನೊಂದರ ಹಿಡಿ ಕೆನ್ನೆಗೆ ಕೂರುವುದಿಲ್ಲ. ಪಾಯಿಂಟ್ ಟೂಟೂಗಿಂತ ಸಣ್ಣ ಗುಂಡಿನದೊಂದು ಇತ್ತು, ವೇಗ ಜಾಸ್ತಿ, ನೇರ ಹೋಗುತ್ತದೆ ಎಂದು ರಾಯ್ ಹೊಗಳಿದ. ಅದನ್ನು ಕೊಂಡು, ಅದರ ತೋಟಾ ಎಲ್ಲೂ ಸಿಗದೆ ಪರದಾಡಿ, ಸಿಕ್ಕ ಮೇಲೆ ಗುರಿ ತಪ್ಪಿ, ಅಂಗಡಿಗೇ ವಾಪಸು ತಂದು ಸಿಕ್ಕಷ್ಟು ಬೆಲೆಗೆ ಕೊಟ್ಟರು. ದೊಡ್ಡ ದುರ್ಬೀನು ಕೂರಿಸಿದ್ದೊಂದು ಬಂತು, ಅದೂ ಹೋಯಿತು. ಪ್ರತಿ ಸಲವೂ ರಾಯ್ ನಗುತ್ತಾ, ಇದಕ್ಕೇನಾಯ್ತು ಡಾಕ್ ಎನ್ನುವನು. ಪ್ರತಿ ಸಲವೂ ಆಂಟಿಯ ಹತ್ತಿರ ಉತ್ತರ ಸಿದ್ಧ. ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ ಎಂದು ನಾನು ಕಾರಿನಲ್ಲಿ ತಮಾಷೆ ಮಾಡಿದೆ. ಅವರು ನಗಲಿಲ್ಲ.

ಆ ಶನಿವಾರ ರೇಂಜಿನಲ್ಲಿ ಅವರ ತಟ್ಟೆ ಒಮ್ಮೆಯೂ ಸದ್ದು ಮಾಡಲಿಲ್ಲ. ಕೋವಿ ಖಾಲಿ ಮಾಡಿ ಕೆಳಗಿಟ್ಟು ನನ್ನ ಕಡೆ ತಿರುಗಿ ಎಡಗಣ್ಣು ಮುಚ್ಚಿಕೊಂಡರು.

"ನಿನ್ನ ಕಿವಿ ಕಾಣ್ತಿದೆ, ಓಲೆ ಕಾಣ್ತಿದೆ, ಮೂಗಿಲ್ಲ. ಬಲಗಣ್ಣಲ್ಲಿ ನಡೂಮಧ್ಯ ಹೋಗ್ಬಿಟ್ಟಿದೆ ಸ್ಮಿತಾ. ಇಂಜೆಕ್ಷನ್ ಕೊಡ್ತಿದ್ದಾರೆ, ಕಣ್ಣಿಗೇ. ನಾಚಪ್ಪಂಗೆ ಬಾಯಿ ಬಿಟ್ಯೋ, ನಿನ್ನ ಮುಖ ಪೂರ್ತಿ ನೋಡಲ್ಲ."

ನನಗೆ ಅಳು ಬಂತು. "ಆಂಟಿ, ಅವರೆಕಾಯಿ ಅಂಗಡೀಲೂ ಸಿಗತ್ತೆ" ಎಂದೆ. ಎಂಥ ಪೆದ್ದು ಮಾತು.

"ಅವರೆಕಾಯಿ ವಿಷ್ಯ ಯಾರು ಹೇಳಿದ್ರು? ಇಷ್ಟು ವರ್ಷ ನಾನು ನೋಡಿ ಹೇಳಿದ್ದನ್ನ ಸರ್ಜನ್‌ಗಳು ನಂಬಿ ಕತ್ತಿ ಹಿಡಿದ್ರು. ಈಗ ಮಗನ ಮನೇಲಿ ಸೋಫಾ ಎಲ್ಲಿದೆ ಅಂತ ಬೇರೆಯೋರನ್ನ ಕೇಳ್ಕೊಂಡು ಕೂತ್ಕೊಳ್ಳಾ?" ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಎಡಗಣ್ಣು ಇದೆ. ಎಡಗೈಯೋರ ಕೋವಿ ನೋಡೋಣ ನಡಿ."

ರಾಯ್ ಎಲ್ಲಿಂದಲೋ ಎಡಗೈಯವರ ರೈಫಲ್ ತರಿಸಿಕೊಟ್ಟ. ಪುಟ್ಟದು, ಹಗುರ, ಮೇಲೊಂದು ಸಣ್ಣ ದುರ್ಬೀನು, ಆಂಟಿಯ ಬೆರಳ ಮೇಲೆ ಎತ್ತಲೂ ವಾಲದೆ ನಿಂತಿತು. ಎಪ್ಪತ್ತು ದಾಟಿದ ಹೆಂಗಸು ಹುಟ್ಟಿನಿಂದ ಬಂದ ಕೈಯನ್ನು ಬಿಟ್ಟು ಇನ್ನೊಂದು ಕೈಗೆ ಪಾಠ ಹೇಳಲು ಕೂತರು. ಎಡಗೈಯಲ್ಲೇ ಸಾರು ಕಲಕಿದರು, ಬೀಗ ತೆಗೆದರು, ನನಗೆ ಬೈಯುವಾಗ ಎಡಗೈಯನ್ನೇ ಎತ್ತಿದರು. ಚಳಿಗಾಲ ಪೂರ್ತಿ ಎಡಗೈ ಸೋಲುವಷ್ಟು ಹೊತ್ತು ಅಭ್ಯಾಸ. ಮಾರ್ಚ್ ಹೊತ್ತಿಗೆ ತಟ್ಟೆ ಮತ್ತೆ ಟಣ್ ಎಂದಿತು. ನಾನು ಕುಣಿದುಬಿಟ್ಟೆ. ಆಂಟಿ ಕೂಡ ನನ್ನ ಕೆನ್ನೆ ಹಿಂಡಿದರು. ಬಿಳೀ ಬಣ್ಣ ಬಳಿದ ತಟ್ಟೆ ಅದು, ಯಾವಾಗಲೂ ಅದೇ ಜಾಗದಲ್ಲಿ ತೂಗುತ್ತಿರುತ್ತದೆ, ಮಸುಕು ಕಣ್ಣಿಗೂ ಸಿಗುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಜೂನ್‌ನಲ್ಲಿ ಒಂದು ಭಾನುವಾರ ಕಾಫಿಗೆಂದು ಹೋಗಿದ್ದೆ. ಅವರೆ ಸಾಲಿನ ಎಲೆಗಳು ಅಲುಗಾಡಿದವು. ಆಂಟಿ ಲೋಟ ಇಟ್ಟು ಕೋವಿ ತೆಗೆದುಕೊಂಡು ಡೆಕ್ಕಿನ ಕಂಬಕ್ಕೆ ಒರಗಿ ನಿಂತರು. ಎಡ ಭುಜ, ಎಡಗಣ್ಣು, ಉಸಿರು ಅರ್ಧಕ್ಕೆ ನಿಲ್ಲಿಸಿದ್ದು, ಎಲ್ಲ ಅಚ್ಚುಕಟ್ಟು. ಸಾಲಿನ ನಡುವೆ ಕಂದು ಬೆನ್ನೊಂದು ಕಾಣಿಸಿತು. ನಾನು ಕಿವಿ ಮುಚ್ಚಿಕೊಳ್ಳಲು ಕೈ ಎತ್ತಿದೆ. ಆ ಬೆನ್ನು ತಿರುಗಿತು. ಕೊರಳಲ್ಲಿ ಕೆಂಪು ಪಟ್ಟಿ. ಪಕ್ಕದ ಜಮೀನಿನ ಮುದುಕರ ನಾಯಿ, ಬೇಲಿ ನುಸುಳಿ ಬಂದದ್ದು.

"ಆಂಟಿ ಬೇಡ! ನಾಯಿ!"

ಅವರ ಬೆರಳು ನಿಂತಿತು. ಕೋವಿ ಇಳಿಸಲಿಲ್ಲ, ಇನ್ನೂ ದುರ್ಬೀನಿನಲ್ಲೇ ನೋಡುತ್ತಿದ್ದರು. "ಎಲ್ಲಿ ನಾಯಿ? ಕಂದು ಮೈ ಅಷ್ಟೇ ಕಾಣ್ತಿದೆ" ಎಂದರು. ನಾಯಿ ಅವರ ಎದುರಿಗೇ ಇತ್ತು, ಬಾಲ ಅಲ್ಲಾಡಿಸುತ್ತಿತ್ತು.

ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ. ಅವರು ತೋಟಾ ತೆಗೆದು ಮೇಜಿನ ಮೇಲಿಟ್ಟು, ಕೆಳಗೆ ಕುಕ್ಕರಿಸಿದರು. "ಹೊಡೀತಿದ್ದೆ ಕಣೇ. ತಪ್ತಿರಲಿಲ್ಲ" ಎಂದರು. ಅದು ನಿಜವೆಂದು ಇಬ್ಬರಿಗೂ ಗೊತ್ತಿತ್ತು.

ಮಂಗಳವಾರ ರಜೆ ಹಾಕಿ ಅವರನ್ನು ರಾಯ್ ಅಂಗಡಿಗೆ ಕರೆದುಕೊಂಡು ಹೋದೆ. ಅವನು ಎಂದಿನಂತೆ, ಇದಕ್ಕೇನಾಯ್ತು ಡಾಕ್ ಎಂದ. ಆಂಟಿ ರೈಫಲ್ಲನ್ನು ಕಟ್ಟೆಯ ಮೇಲೆ ಮಲಗಿಸಿ, ಇದರಲ್ಲಿ ಏನೂ ದೋಷವಿಲ್ಲ, ಬಹಳ ಒಳ್ಳೆಯದು, ಒಳ್ಳೆಯವರಿಗೆ ಕೊಡು ಎಂದು ಇಂಗ್ಲಿಷಿನಲ್ಲಿ ಹೇಳಿದರು. ರಾಯ್ ನಗು ನಿಲ್ಲಿಸಿದ. ಬೇರೆ ಯಾವುದನ್ನು ತೋರಿಸಲಿ ಎಂದು ಕೇಳಲಿಲ್ಲ.

ಕಾರು ಹತ್ತಿದ ಮೇಲೆ, "ಮನೆಗೆ ಬೇಡ. ಸ್ವಲ್ಪ ಹೊತ್ತು ಸುಮ್ನೆ ಓಡ್ಸು" ಎಂದರು. ಓಡಿಸಿದೆ. ತುಂಬ ಹೊತ್ತಾದ ಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, "ನಾಚಪ್ಪನ ನಂಬರ್ ಒತ್ತು" ಎಂದರು. ರಸ್ತೆ ಪಕ್ಕ ನಿಲ್ಲಿಸಿ ಒತ್ತಿಕೊಟ್ಟೆ. ಅಮ್ಮ ಮಗ ಕೊಡವ ಭಾಷೆಯಲ್ಲಿ ಮಾತಾಡಿದರು. ನನಗೆ ಆ ಭಾಷೆ ಬಾರದು. ಆಂಟಿ ಒಂದೆರಡು ಮಾತು ಹೇಳಿದರು. ಆ ಕಡೆಯಿಂದ ಮಗ ಜೋರಾಗಿ ಅಳುವುದು ಕಾರಿನ ತುಂಬ ಕೇಳಿಸಿತು. ಆಂಟಿ ಫೋನನ್ನು ಎಡಗಿವಿಗೆ ಒತ್ತಿ ಹಿಡಿದು, ಕೂಸನ್ನು ಸಮಾಧಾನ ಮಾಡುವ ದನಿಯಲ್ಲಿ ಏನೋ ಹೇಳುತ್ತಲೇ ಇದ್ದರು.