ಸೀಮೆಸುಣ್ಣ ಹಿಡಿದವಳ ಕುರ್ಚಿ

ಚಳ್ಳಕೆರೆಯಲ್ಲಿ ಈಗ ಗಾಜಿನ ಕ್ಯಾಬಿನ್ ಇಲ್ಲದವನನ್ನು ಯಾರೂ ಯಜಮಾನ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊದಲು ಹಾಗಿರಲಿಲ್ಲ. ಎಣ್ಣೆ ಗಿರಣಿಯ ಮಾಲೀಕ ಎಂದರೆ ಬಾಗಿಲ ಪಕ್ಕದ ಗಾದಿಯ ಮೇಲೆ ದಿಂಬಿಗೆ ಒರಗಿ ಕೂತು, ಬೀದಿಯಲ್ಲಿ ಹೋಗುವವರನ್ನೆಲ್ಲ ಹೆಸರು ಹಿಡಿದು ಕೂಗುವ ಮನುಷ್ಯ. ಈಗ ಅದೇ ಮನುಷ್ಯ ಗಾಜಿನೊಳಗೆ ತಿರುಗುವ ಕುರ್ಚಿಯಲ್ಲಿ ಕೂತಿರುತ್ತಾನೆ. ಕೂಗಿದರೆ ಹೊರಗೆ ಕೇಳಿಸುವುದಿಲ್ಲವಾದ್ದರಿಂದ ಸುಮ್ಮನೆ ಕೈ ಬೀಸುತ್ತಾನೆ. ಕೊಟ್ಟೂರಪ್ಪನವರಂತೂ ತಮ್ಮ ಗಿರಣಿಯ ಆಫೀಸಿಗೆ ಊರಿಗೇ ದೊಡ್ಡದೆನ್ನುವ ಗಾಜು ಹಾಕಿಸಿದರು. ಮಧ್ಯಾಹ್ನ ಮುದ್ದೆ ಉಂಡ ಮೇಲೆ ಅವರು ಬಾಯಿ ತೆರೆದು ನಿದ್ದೆ ಹೊಡೆಯುವುದು ಶೇಂಗಾ ತಂದ ರೈತರಿಗೆಲ್ಲ ಕಾಣತೊಡಗಿತು. ಆಗ ಆ ದುಬಾರಿ ಗಾಜಿಗೆ, ಕೂತವರ ತಲೆ ಮುಚ್ಚುವಷ್ಟು ಎತ್ತರಕ್ಕೆ, ಮಸುಕು ಸ್ಟಿಕರ್ ಅಂಟಿಸಿ ಅವರ ಮಾನ ಉಳಿಸಿದವಳು ನಾಜಿಯಾ.

ಮಾನ ಉಳಿಸಿದ ಹೊಗಳಿಕೆ ಮಾತ್ರ ಅವಳ ಅಣ್ಣ ತನ್ವೀರನಿಗೆ ಸಂದಿತು. ಕೊಟ್ಟೂರಪ್ಪನವರು ಅವರಿಬ್ಬರ ತಂದೆಯನ್ನು ಮಾರ್ಕೆಟ್ಟಿನಲ್ಲಿ ನಿಲ್ಲಿಸಿ, "ನಿಮ್ ಹುಡುಗ ಬಾಳ ಚುರುಕು ಕಣ್ರೀ ಬಾಬು ಸಾಬ್ರೇ" ಎಂದರು. ಬಾಬು ಸಾಬ್ ಗಡ್ಡ ನೀವಿಕೊಂಡು ಹೌದೆಂದರು.

ಬಾಬು ಸಾಬ್ ಬಳ್ಳಾರಿ ರಸ್ತೆಯ ತಮ್ಮ ಶೆಡ್ಡಿನಲ್ಲಿ ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದವರು. ಮಗಳು ದಾವಣಗೆರೆಗೆ ಹೋಗಿ ಇಂಟೀರಿಯರ್ ಡಿಸೈನ್ ಡಿಪ್ಲೊಮಾ ಮಾಡುತ್ತೇನೆಂದಾಗ ಮನೆಯಲ್ಲಿ ಯಾರೂ ಅಡ್ಡ ಬರಲಿಲ್ಲ. ಅದು ಕಸೂತಿಯಂಥ ಏನೋ ಒಂದು, ಮದುವೆಯಾದ ಮೇಲೆ ಮನೆಗೆ ಕರ್ಟನ್ ಆರಿಸಲು ಉಪಯೋಗಕ್ಕೆ ಬರುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. ತನ್ವೀರ್ ಯಾವುದನ್ನೂ ಪೂರ್ತಿಯಾಗಿ ಓದಲಿಲ್ಲ, ಆದರೆ ಅವನಿಗೆ ಮಾತು ಬರುತ್ತಿತ್ತು. ಹೀಗಾಗಿ ನಕ್ಷೆ ಅವಳದು, ಮಾತು ಅವನದು, ಮರಗೆಲಸ ಅಪ್ಪನ ಹಳೆಯ ಕೆಲಸಗಾರರದು ಎಂದು ವ್ಯಾಪಾರ ಶುರುವಾಯಿತು. ಲಾರಿ ಕಟ್ಟಿದ ಕೈಗಳು ತಾವು ಕಲಿತದ್ದನ್ನು ಬೇಗ ಮರೆಯಲಿಲ್ಲ. ಅವರು ಮಾಡಿದ ಮೊದಲ ಫೈನಾನ್ಸ್ ಆಫೀಸಿನಲ್ಲಿ ಕೆಂಪು ರೆಕ್ಸಿನ್, ಬಣ್ಣಬಣ್ಣದ ದೀಪ, ಮೂಲೆಮೂಲೆಗೂ ಕನ್ನಡಿ ಎಲ್ಲವೂ ಇದ್ದು, ಹಿಂದಿನ ಗೋಡೆಗೆ 'ಹಾರ್ನ್ ಮಾಡಿ' ಎಂದು ಬರೆಯುವುದೊಂದು ಬಾಕಿ ಉಳಿದಿತ್ತು. ಅಂಗಡಿಗೆ 'ತನ್ವೀರ್ ಇಂಟೀರಿಯರ್ಸ್' ಎಂದು ಹೆಸರಿಟ್ಟರು. ಬೋರ್ಡಿನ ಅಕ್ಷರಗಳನ್ನು ಆರಿಸಿದವಳು ನಾಜಿಯಾ.

ಅವಳದೊಂದು ಪದ್ಧತಿಯಿತ್ತು. ಆಫೀಸು ಮಾಡಬೇಕಾದ ಖಾಲಿ ಕೋಣೆಗೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಒಯ್ಯುತ್ತಿದ್ದಳು. ಅದರಲ್ಲಿ ಮಾಲೀಕನನ್ನು ಕೂರಿಸಿ, ದಿನವೂ ಮಾಡುವುದನ್ನೆಲ್ಲ ಮಾಡಿ ತೋರಿಸಲು ಹೇಳುತ್ತಿದ್ದಳು. ಫೋನ್ ಎತ್ತಿ, ಚಹಾ ಕುಡಿಯಿರಿ, ಯಾರೋ ಬಂದರೆಂದು ತಿರುಗಿ ನೋಡಿ ಎನ್ನುವಳು. ಆತ ಮಾಡುತ್ತಿದ್ದಂತೆ ಇವಳು ಸುತ್ತಲೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವಳು. ಕೈ ಹೋದ ಕಡೆ ಡ್ರಾಯರು, ಕಣ್ಣು ಹೋದ ಕಡೆ ಬಾಗಿಲು. ಮೊದಮೊದಲು ನಕ್ಕವರು ಆಮೇಲೆ ಗೆರೆ ಎಳೆಯುವ ದಿನಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರತೊಡಗಿದರು. ಆದರೆ ಕೇಳುವುದೆಲ್ಲ ತನ್ವೀರನನ್ನೇ. "ಫ್ಯಾನ್ ಎಲ್ಲಿ ಬರ್ತೈತೆ ತನ್ವೀರ್?" ಎಂದರೆ ಅವನು ತಂಗಿಯ ಮುಖ ನೋಡುವನು. ಅವಳು ಮೆಲ್ಲಗೆ ಹೇಳುವಳು. ಅವನು ಅದನ್ನೇ ಜೋರಾಗಿ ಹೇಳುವನು. ತನ್ವೀರ್ ಕೆಟ್ಟವನೇನಲ್ಲ. ಜೋರಾಗಿ ಹೇಳಿದ್ದು ತನ್ನದೇ ಎಂದು ಅವನು ಮನಸಾರೆ ನಂಬಿದ್ದ, ಅಷ್ಟೇ.

ನಕ್ಷೆಗಳೆಲ್ಲ ಹುಟ್ಟುತ್ತಿದ್ದದ್ದು ಮನೆಯ ನಡುಕೋಣೆಯ ನೆಲದ ಮೇಲೆ. ಅಷ್ಟು ದೊಡ್ಡ ಹಾಳೆ ಹರಡಲು ಬೇರೆಲ್ಲೂ ಜಾಗವಿರಲಿಲ್ಲ. ಊಟಕ್ಕೆ ದಸ್ತರ್‌ಖಾನ್ ಹಾಸುವ ಜಾಗವೂ ಅದೇ. ಗೆರೆ ಸರಿಯಾಗಿ ಕೂರುವ ಹೊತ್ತಿಗೆ ತಾಯಿ ನೂರ್ ಬೀ ಅಡುಗೆಮನೆಯಿಂದ, "ಹಾಳೆ ಸುತ್ತಿಡು ಬೇಟಿ" ಎನ್ನುತ್ತಿದ್ದರು. ಒಮ್ಮೆ ನಕ್ಷೆಯ ಮೇಲೆ ಬಿದ್ದ ಸಾಲನ್ ಸಾರಿನ ಕಲೆಯನ್ನು ಬಡಗಿ ಕಂಬವೆಂದು ತಿಳಿದು, ಅದಕ್ಕೆ ಜಾಗ ಬಿಟ್ಟು ಕಪಾಟು ಕಟ್ಟಿಬಿಟ್ಟ. ಅವತ್ತಿನಿಂದ ನಾಜಿಯಾಳಿಗೆ ಒಂದೇ ಆಸೆ. ಕಿಟಕಿ ಪಕ್ಕ ಒಂದು ದೊಡ್ಡ ಮೇಜು ಬೇಕು, ಅದರ ಮೇಲೆ ಹರಡಿದ ಹಾಳೆ ನಾಳೆ ಬೆಳಿಗ್ಗೆ ಬಂದು ನೋಡಿದರೂ ಹರಡಿಕೊಂಡೇ ಇರಬೇಕು. ಇದನ್ನು ಅವಳು ತಾಯಿಯ ಹತ್ತಿರ ಬಿಟ್ಟು ಇನ್ಯಾರ ಹತ್ತಿರವೂ ಆಡಿರಲಿಲ್ಲ.

ಕೊನೆಗೆ ತಮ್ಮದೇ ಆಫೀಸು ಮಾಡುವ ಕಾಲ ಬಂತು. ಲಾರಿ ಬಾಡಿಯ ಕೆಲಸ ಕಡಿಮೆಯಾಗಿ ಶೆಡ್ಡು ಖಾಲಿ ಬಿದ್ದಿತ್ತು. ಬಂದವರೆಲ್ಲ, "ಊರಿಗೆಲ್ಲ ಆಫೀಸು ಮಾಡ್ತೀರಾ, ನಿಮ್ದೆಲ್ಲೈತೆ?" ಎಂದು ಕೇಳುತ್ತಿದ್ದರು. ನಾಜಿಯಾ ಕೆಂಪು ಕುರ್ಚಿ ಹಿಡಿದು ಶೆಡ್ಡಿಗೆ ಹೋದಳು. ರಸ್ತೆ ಕಾಣುವ ಹಾಗೆ ತಮಗೊಂದು ಜಾಗ ಬೇಕೆಂದು ಬಾಬು ಸಾಬ್ ಶರತ್ತು ಹಾಕಿದ್ದರು. ಅವರನ್ನು ಕೂರಿಸಿ ಗೆರೆ ಎಳೆದಳು. ತನ್ವೀರನನ್ನು ಕೂರಿಸಿದಳು, ಅವನು ಪ್ಲಾಸ್ಟಿಕ್ ಕುರ್ಚಿಯಲ್ಲೇ ತಿರುಗಲು ನೋಡಿದ. ಬಂದವರ ಕಣ್ಣು ಮೊದಲು ಕ್ಯಾಬಿನ್ ಕಡೆಗೇ ಹೋಗುತ್ತದೆಂದು, ಶೆಡ್ಡಿಗಿದ್ದ ಒಂದೇ ಒಂದು ಕಿಟಕಿಯನ್ನೂ ಅದರಾಚೆಗಿನ ಬೇವಿನ ಮರವನ್ನೂ ಅವನ ಕ್ಯಾಬಿನ್ನಿಗೆ ಕೊಟ್ಟಳು. ಇನ್ನೂ ಕೆಲಸಕ್ಕೇ ಸೇರದ ರಿಸೆಪ್ಷನ್ ಹುಡುಗಿಗೂ ಜಾಗ ಮಾಡಿದಳು. ಅವಳ ಬದಲಿಗೆ ತಾಯಿಯನ್ನೇ ಕೂರಿಸಿದಾಗ ನೂರ್ ಬೀ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರೇ ಹೊರತು, ಎಷ್ಟು ಹೇಳಿದರೂ ಇಲ್ಲದ ಫೋನನ್ನು ಎತ್ತಲಿಲ್ಲ.

ತನ್ನ ಮೇಜನ್ನು ಕೊನೆಗೆ ಹಾಕಿಕೊಂಡರಾಯಿತು ಎಂದು ನಾಜಿಯಾ ಬಿಟ್ಟಳು. ಅವರ ಮನೆಯಲ್ಲಿ ಬಡಿಸುವವಳು ಎಲ್ಲರದೂ ಆದ ಮೇಲೆ ಕೂರುತ್ತಾಳೆ. ಹಾಗೆ ಮಾಡು ಎಂದು ಯಾರೂ ಹೇಳಿಕೊಟ್ಟದ್ದಲ್ಲ. ಅಷ್ಟರಲ್ಲಿ ಟೈಲ್ಸ್ ಬಂತು, ಎ.ಸಿ.ಯವನು ಬಂದ, ಸ್ಯಾಂಪಲ್‌ಗಳಿಗೆ ಒಂದು ಗೋಡೆ ಪೂರ್ತಿ ಬೇಕೆಂದು ತನ್ವೀರ್ ಹಟ ಹಿಡಿದ.

ಇದರ ನಡುವೆಯೇ ಅವಳು ಮೊಳಕಾಲ್ಮೂರಿಗೆ ಹೋಗಿಬಂದಳು. ಅಲ್ಲಿ ಪಾಲಮ್ಮ ಎಂಬ ನೇಕಾರ ಹೆಂಗಸು, ತಾವು ನೇಯ್ದ ರೇಷ್ಮೆ ಸೀರೆಗಳನ್ನು ಮನೆಯ ಮುಂಗೋಣೆಯಲ್ಲೇ ಮಾರುತ್ತಿದ್ದವರು, ಅದನ್ನೊಂದು ಒಳ್ಳೆಯ ಆಫೀಸಿನ ಹಾಗೆ ಮಾಡಿಸಬೇಕೆಂದಿದ್ದರು. ನಾಜಿಯಾ ಕೆಂಪು ಕುರ್ಚಿ ಹಾಕಿ ಸೀಮೆಸುಣ್ಣ ತೆಗೆದದ್ದೇ ತಡ, ಪಾಲಮ್ಮ ಗಟ್ಟಿಯಾಗಿ ನಕ್ಕು, ಮೂಲೆಯ ಮಗ್ಗದ ಕಡೆ ಕೈ ತೋರಿಸಿದರು.

"ಇದು ನಮ್ ಗುಂಡಿಮಗ್ಗದ ಲೆಕ್ಕ ಕಣಮ್ಮಾಯಿ! ನೇಯೋರನ್ನ ಮೊದ್ಲು ನೆಲದ ಮ್ಯಾಲೆ ಕೂರಿಸ್ತಾರೆ, ಕಾಲು ಅಳೀತಾರೆ, ಆಮ್ಯಾಲೆ ಗುಂಡಿ ತೋಡ್ತಾರೆ. ಈ ಗುಂಡಿ ನನ್ ಕಾಲಿಗೆ ತೋಡಿದ್ದು. ನಮ್ಮನೇರು ಉದ್ದ. ಇದ್ರಾಗೆ ಇಳಿದ್ರೆ ಮೊಣಕಾಲು ಗದ್ದಕ್ಕೆ ಬಡೀತೈತೆ. ಅದಕ್ಕೇ ನನ್ ಜಾಗದ ತಂಟೆಗೇ ಬರಲ್ಲ."

ನಾಜಿಯಾ ನಕ್ಕು, ಆಫೀಸಿನ ಓಪನಿಂಗಿಗೆ ಬನ್ನಿ ಎಂದು ಕರೆದು ಬಂದಳು.

ಓಪನಿಂಗ್ ಶುಕ್ರವಾರ ಮಧ್ಯಾಹ್ನದ ನಮಾಜಿನ ನಂತರ. ಫಾತಿಹಾ ಓದಿಸಿ ಸಿಹಿ ಹಂಚಿದರು. ಬಾಬು ಸಾಬ್ ರಸ್ತೆಗೆ ಮುಖ ಮಾಡಿದ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ತನ್ವೀರ್ ಕ್ಯಾಬಿನ್ನಿನಲ್ಲಿ ಈ ಕಡೆಯಿಂದ ಆ ಕಡೆಗೆ ತಿರುಗುತ್ತಿದ್ದ. ಕೊಟ್ಟೂರಪ್ಪನವರು ಗಾಜಿಗೆ ಬೆರಳಿನಿಂದ ಕುಟ್ಟಿ, "ಸ್ಟಿಕರ್ ಹಾಕ್ಸಿಲ್ವೇನೋ? ಮಲಗೋದು ಹೆಂಗೋ ಮಾರಾಯ?" ಎಂದು ತಮ್ಮ ತಮಾಷೆಗೆ ತಾವೇ ನಕ್ಕರು. ನಾಜಿಯಾ ಶರಬತ್ತಿನ ತಟ್ಟೆ ಹಿಡಿದು ಓಡಾಡುತ್ತಿದ್ದಳು. ತಾನು ಎಣಿಸಿದ್ದೆಲ್ಲ ಎಣಿಸಿದ ಜಾಗದಲ್ಲೇ ಇರುವುದನ್ನು ನೋಡಿ ಅವಳಿಗೆ ಒಳಗೊಳಗೇ ಹಿಗ್ಗು.

ಪಾಲಮ್ಮ ಬಸ್ಸಿಳಿದು ಬಂದವರು ಕೂರಲೇ ಇಲ್ಲ. ಒಂದೊಂದನ್ನೇ ಮುಟ್ಟಿ, "ಇದು ಯಾರ್ದು?" ಎಂದು ಕೇಳುತ್ತ ಹೋದರು. ಸೋಫಾ ಅಬ್ಬಾಂದು, ಆ ಕುರ್ಚಿ ಭಾಯ್‌ದು, ಇದು ರಿಸೆಪ್ಷನ್ನಿಗೆ ಬರುವ ಹುಡುಗಿಯದು ಎಂದು ನಾಜಿಯಾ ಹೇಳುತ್ತ ಬಂದಳು. ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನವರೆಗೂ ಎಲ್ಲ ಮುಗಿಯಿತು.

"ನೀನೆಲ್ಲಿ ಕೂತ್ಕಂತೀಯಾ ಅಮ್ಮಾಯಿ?"

"ನಾನಾ? ನಾನು ಯಾವಾಗ್ಲೂ ಸೈಟಲ್ಲೇ ಇರ್ತೀನಲ್ಲಮ್ಮಾ."

"ಅಲ್ಲಿ ಇರ್ತೀಯಾ ಸರಿ. ಗೆರೆ ಎಳೆಯೋದು ಎಲ್ಲಿ?"

ನಾಜಿಯಾ ಆಫೀಸನ್ನೊಮ್ಮೆ ಸುತ್ತ ನೋಡಿದಳು. ಗೋಡೆಯಿಂದ ಗೋಡೆಗೆ ಪ್ರತಿ ಅಡಿಯೂ ಅವಳಿಗೆ ಬಾಯಿಪಾಠ. ಅದರಲ್ಲೆಲ್ಲೂ ಅವಳಿರಲಿಲ್ಲ. ಮೊದಲು ನಾಚಿಕೆಯಾಯಿತು, ಊಟಕ್ಕೆ ಕರೆದವರಿಗೆ ತಟ್ಟೆ ಇಡಲು ಮರೆತರೆ ಆಗುವಂಥ ನಾಚಿಕೆ. ಆಮೇಲೆ ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿದರೆ ಒಬ್ಬರೂ ಸಿಗಲಿಲ್ಲ. ಅವಳ ಜಾಗವನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಸೀಮೆಸುಣ್ಣ ಉದ್ದಕ್ಕೂ ಅವಳ ಕೈಯಲ್ಲೇ ಇತ್ತು. ಇನ್ನೇನು ಅಳು ಬರುವುದರಲ್ಲಿತ್ತು.

ಪಾಲಮ್ಮನ ಪ್ರಶ್ನೆ ಕಿವಿಗೆ ಬಿದ್ದ ಗಂಡಸರೆಲ್ಲ ಒಮ್ಮೆಲೇ ಉದಾರಿಗಳಾದರು. ಪ್ಯಾಂಟ್ರಿಯಲ್ಲಿ ಗ್ಯಾಸ್ ಒಲೆಯ ಪಕ್ಕ ಒಂದು ಚಿಕ್ಕ ಮೇಜು ಹಿಡಿಯುತ್ತದೆ ಎಂದ ತನ್ವೀರ್, ಕುರ್ಚಿಯಲ್ಲಿ ಕೂತೇ ಕ್ಯಾಬಿನ್ ಬಾಗಿಲು ತೆರೆದು. ಚಪ್ಪಲಿ ಸ್ಟ್ಯಾಂಡನ್ನು ಹೊರಗೆ ಹಾಕಿದರೆ ಅಲ್ಲೂ ಆಗುತ್ತದೆ ಎಂದು ಇನ್ಯಾರೋ ಸೇರಿಸಿದರು. ತಮ್ಮ ಮೇಜು ಮೂರು ಇಂಚು ಚಿಕ್ಕದಾಯಿತೆಂದು ವಾರಗಟ್ಟಲೆ ಮುನಿಸಿಕೊಂಡಿದ್ದ ಕೊಟ್ಟೂರಪ್ಪನವರು, "ಹೆಣ್ಮಕ್ಳಿಗೆ ಆಫೀಸು ಯಾಕ್ರೀ, ಮನೇನೇ ಐತಲ್ಲ" ಎಂದರು.

"ಮನೇಲಿ ಜಾಗ ಇಲ್ಲ," ಎಂದರು ಬಾಗಿಲಲ್ಲಿ ನಿಂತಿದ್ದ ನೂರ್ ಬೀ. ಹೊರಗಿನವರ ಎದುರು ಅವರು ಹೀಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಅಲ್ಲಿ ನಾನು ದಸ್ತರ್‌ಖಾನ್ ಹಾಸ್ಬೇಕು."



"ಆ ಕೆಂಪು ಕುರ್ಚಿ ಎಲ್ಲೈತೆ?" ಎಂದು ಪಾಲಮ್ಮ ಕೇಳಿದರು.

ಅದು ಹಿಂದುಗಡೆ ಸಿಹಿ ಡಬ್ಬಿಗಳನ್ನು ಹೊತ್ತು ನಿಂತಿತ್ತು. ಬಾಬು ಸಾಬ್ ಸೋಫಾದಿಂದ ಇಳಿದು ಹೋಗಿ, ಡಬ್ಬಿಗಳನ್ನು ಕೆಳಗಿಟ್ಟು, ತಮ್ಮ ಹೆಗಲ ಟವೆಲ್ಲಿನಿಂದ ಕುರ್ಚಿಯನ್ನು ಒರೆಸಿ ತಂದರು.

"ಬೆಳಕು ಎಲ್ಲೈತೆ ಅನ್ನೋದು ನಿನಗೇ ಗೊತ್ತು. ತೋರ್ಸು," ಎಂದರು ಪಾಲಮ್ಮ.

ಊರಿಗೆಲ್ಲ ಅವಳೇ ಹೇಳುತ್ತಿದ್ದ ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನಾಜಿಯಾ ತಟ್ಟೆಯನ್ನು ತಾಯಿಯ ಕೈಗೆ ಕೊಟ್ಟು, ಸುಮ್ಮನೆ ಬೆರಳು ತೋರಿಸಿದಳು. ಕುರ್ಚಿ ಗಾಜಿನ ಬಾಗಿಲು ದಾಟಿ ಕ್ಯಾಬಿನ್ನಿನೊಳಗೆ ಹೋಗಿ ಕಿಟಕಿಯ ಪಕ್ಕ ನಿಂತಿತು. ಅವಳು ಕೂತಳು. ಬೇವಿನ ಮರದ ಕಡೆಯ ಬೆಳಕು ಅವಳು ಎಣಿಸಿದ್ದ ಹಾಗೆಯೇ ಎಡಗಡೆಯಿಂದ ಬಂತು. ಬ್ಯಾಗಿನಿಂದ ಸೀಮೆಸುಣ್ಣ ತೆಗೆದು ಪಾಲಮ್ಮನ ಕೈಗೆ ಕೊಟ್ಟಳು. ಪಾಲಮ್ಮ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ, "ಹಾಳೆ ಹರಡು, ನೋಡೋಣ" ಎಂದರು. ನಾಜಿಯಾ ಇಲ್ಲದ ಹಾಳೆಯನ್ನು ಎರಡೂ ತೋಳು ಚಾಚಿ ಹರಡಿದಳು. ಆ ತೋಳುಗಳ ಅಳತೆಗೆ ಹೊಸ ಟೈಲ್ಸಿನ ಮೇಲೆ ಗೆರೆ ಎಳೆದರೆ, ಅದು ತನ್ವೀರನ ಕುರ್ಚಿಯ ಎರಡು ಗಾಲಿಗಳನ್ನು ಒಳಗೆ ಹಾಕಿಕೊಂಡಿತು.

ಗಾಜಿನಾಚೆ ಕೊಟ್ಟೂರಪ್ಪನವರು ಶರಬತ್ತು ಕುಡಿಯುವುದನ್ನೂ ಮರೆತು ನಿಂತಿದ್ದರು. ಒಳಗೆ ನಡೆಯುವುದು ಊರಿಗೆಲ್ಲ ಕಾಣಲಿ ಎಂದು ಗಾಜು ಹಾಕಿಸಿದ್ದು ಅವತ್ತು ಸಾರ್ಥಕವಾಯಿತು.

ತನ್ವೀರ್ ಗೆರೆಯನ್ನು ನೋಡಿದ, ತಂಗಿಯನ್ನು ನೋಡಿದ. ಈ ಸಲ ಜೋರಾಗಿ ಹೇಳಲು ಅವಳೇನೂ ಮೆಲ್ಲಗೆ ಹೇಳಿಕೊಟ್ಟಿರಲಿಲ್ಲ.

"ಅಲ್ಲಿ ಎ.ಸಿ. ಗಾಳಿ ನೇರ ಬೀಳ್ತೈತೆ ನಾಜಿಯಾ," ಎಂದ ಕೊನೆಗೆ, ನಿಜವಾದ ಕಾಳಜಿಯಿಂದ. "ಶೀತ ಆಗ್ತೈತೆ ನಿಂಗೆ."

"ಶಾಲು ಹೊದ್ಕಂತೀನಿ ಭಾಯ್. ನಿನ್ ಕುರ್ಚಿ ಸ್ವಲ್ಪ ಆ ಕಡೆಗೆ ತಗೋ."

ಎಲ್ಲರಿಗೂ ಕೇಳಿಸುವ ಹಾಗೆಯೇ ಹೇಳಿದಳು. ಅವನ ಕುರ್ಚಿಗೆ ಗಾಲಿಗಳಿದ್ದವು. ಅವಳೇ ಹುಡುಕಿ ತರಿಸಿದ ಕುರ್ಚಿ, ಒಂದು ಬೆರಳಲ್ಲಿ ತಳ್ಳಿದರೂ ಸರಿಯುವಂಥದ್ದು. ತನ್ವೀರ್ ಎದ್ದು ನಿಂತು ತಳ್ಳಿದ.